ದಣಿವಿನ ಕಡಗ

ಓಹಿಯೋದ ಸರ್ಕಾರಿ ರೈಲುಗಾಡಿ ಕಾರ್ಖಾನೆಯಲ್ಲಿ ಆರುನೂರು ಮಂದಿಯ ಮಣಿಕಟ್ಟುಗಳಲ್ಲೂ ಕಡಗಗಳು ಹಸಿರಾಗಿ ಮಿನುಗುತ್ತಿದ್ದವು. ದಣಿದ ಸ್ನಾಯು ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಆ ನಡುಕವನ್ನು ಕಡಗ ಅಳೆಯುತ್ತದೆ. ಮಿತಿ ದಾಟಿದರೆ ದೀಪ ಕೆಂಪಾಗಿ, ಬಿಡಿಭಾಗ ಹೊತ್ತು ತರುವ ಬೆಲ್ಟು ತಾನಾಗಿ ನಿಧಾನಿಸುತ್ತದೆ. ಹಾಗೆಂದು ಅದನ್ನು ಕಂಡುಹಿಡಿದ ಇಂಚರಾ ಹೇಳಿದ್ದಳು. ಮೂರು ವರ್ಷದಲ್ಲಿ ಬೆಲ್ಟು ನಿಧಾನಿಸಿದ್ದು ಎರಡೇ ಸಲ. ನಿನ್ನೆ ಹಸಿರು ದೀಪ ಉರಿಯುತ್ತಿರುವಾಗಲೇ ಕಾರ್ಮಿಕ ಫಕೀರೇಶನ ಬಲಗೈಯ ಎರಡು ಬೆರಳು ತಗಡು ಒತ್ತುವ ಯಂತ್ರಕ್ಕೆ ಸಿಕ್ಕಿ ತುಂಡಾಗಿದ್ದವು.

೨೦೬೧ರ ಈ ಅಮೆರಿಕ ನಮಗೆ ಗೊತ್ತಿರುವ ಅಮೆರಿಕವಲ್ಲ. ಇಲ್ಲಿ ಶತಮಾನದ ಹಿಂದೆಯೇ ರೈಲು, ಉಕ್ಕು, ಕಲ್ಲಿದ್ದಲೆಲ್ಲ ಸರ್ಕಾರದ ಕೈಗೆ ಹೋಗಿ ಅಲ್ಲೇ ಉಳಿದಿದ್ದವು. ಮಾಲೀಕರನ್ನು ಓಡಿಸಿದ ಸರ್ಕಾರ ತಾನೇ ಮಾಲೀಕನ ಕುರ್ಚಿಯಲ್ಲಿ ಕೂತು ಲಾಭದ ರುಚಿ ಹತ್ತಿಸಿಕೊಂಡಿತ್ತು. ಕಾರ್ಮಿಕರ ಕ್ಷೇಮ ನೋಡುವ ಕಚೇರಿಗೂ ಉತ್ಪಾದನೆ ನೋಡುವ ಕಚೇರಿಗೂ ಒಬ್ಬನೇ ನಿರ್ದೇಶಕ, ಪಿಂಕ್ನಿ.

"ಕಡಗ ತಪ್ಪು ಹೇಳ್ತಿದೆ. ದೇಶದ ನಾಲ್ಕು ಸಾವಿರ ಕಾರ್ಖಾನೆಗಳಲ್ಲೂ ಬಿಚ್ಚಿಸಬೇಕು," ಎಂದಳು ಇಂಚರಾ.

ಪಿಂಕ್ನಿ ನಕ್ಕ. "ಕಾರ್ಖಾನೆ ಜನರದ್ದು. ಜನ ತಮಗೆ ತಾವೇ ಅನ್ಯಾಯ ಮಾಡ್ಕೊಳ್ತಾರಾ? ತಪ್ಪು ಎಲ್ಲಿದೆ ತೋರಿಸಿ."

ತಪ್ಪು ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ದಣಿವಿನ ಮಿತಿ ಯಾವುದೆಂದು ಯಂತ್ರಕ್ಕೆ ಮನುಷ್ಯನೇ ಕಲಿಸಬೇಕು. ಅದಕ್ಕೆ ಅವಳು ಮೂರು ವರ್ಷದ ಹಿಂದೆ ಆರಿಸಿಕೊಂಡದ್ದು ಗದಗಿನ ಕಡೆಯಿಂದ ಕೆಲಸಕ್ಕೆ ಬಂದಿದ್ದ ಫಕೀರೇಶನನ್ನು. ಕನ್ನಡದಲ್ಲಿ ಮಾತಾಡಬಹುದಲ್ಲ ಎಂಬ ಆಸೆಗೆ. ಹತ್ತು ನಿಮಿಷಕ್ಕೊಮ್ಮೆ "ಸುಸ್ತಾಯ್ತಾ?" ಎಂದು ಕೇಳುವಳು. "ಪರವಾಗಿಲ್ರೀ ಅಕ್ಕಾರ," ಎನ್ನುವನು. ಅವಳು 'ಇಲ್ಲ' ಎಂಬ ಗುಂಡಿ ಒತ್ತುವಳು. ಒಂಬತ್ತು ಗಂಟೆ ದುಡಿದ ಮೇಲೆ ಲೋಟ ಹಿಡಿದ ಅವನ ಕೈ ನಡುಗಿ ನೀರು ಅಂಗಿಯ ಮೇಲೆ ಚೆಲ್ಲಿತ್ತು. ಆಗಲೂ ಅದೇ ಮಾತು, ಅದೇ ಗುಂಡಿ. ಅಂಥ ನಡುಕವೂ ದಣಿವಲ್ಲವೆಂದು ಯಂತ್ರ ಕಲಿತಿತ್ತು. ಪರವಾಗಿಲ್ಲ ಎಂದರೆ ಏನೆಂದು ಪಿಂಕ್ನಿಗೆ ತಿಳಿಯದಿರಬಹುದು, ಅವಳಿಗೆ ತಿಳಿಯದೇ? ಮರುದಿನ ಮಂತ್ರಿಗಳೆದುರು ಕಡಗದ ಪ್ರದರ್ಶನವಿತ್ತು, ಅಷ್ಟೆ. ನೆನೆದು ಈಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಕಲಿಸಿದವಳು ನಾನು. ಗೊತ್ತಿದ್ದೂ ಸುಳ್ಳು ಕಲಿಸಿದೆ," ಎಂದಳು.

"ಬರೆದುಕೊಡಿ. ಕ್ಷೇಮ ಕಚೇರಿಯಿಂದ ಉತ್ಪಾದನಾ ಕಚೇರಿಗೆ ಕಳಿಸ್ತೀನಿ."

ಅವಳು ಬರೆದುಕೊಟ್ಟಳು. ಪಿಂಕ್ನಿ ಆ ಹಾಳೆಯನ್ನು ಮೇಜಿನ ಎಡಗಡೆಯಿಂದ ಬಲಗಡೆಗೆ ಸರಿಸಿಟ್ಟ.

ಆಸ್ಪತ್ರೆಯಲ್ಲಿ ಫಕೀರೇಶ ಅವಳನ್ನು ಕಂಡು ಎದ್ದು ಕೂರಲು ನೋಡಿದ.

"ಅವತ್ತು ಸುಸ್ತಾಗಿತ್ತಲ್ವಾ ಫಕೀರೇಶಣ್ಣ? ಯಾಕೆ ಹೇಳ್ಲಿಲ್ಲ?"

"ನಮ್ಮ ಕನ್ನಡದ ಹೆಣ್ಮಗಳು ಪರದೇಶದಾಗ ಏನೋ ದೊಡ್ಡದು ಮಾಡಾಕ ಹತ್ಯಾರ. ಸುಸ್ತಾಗೇತಿ ಅನ್ನಾಕ ಮನಸ್ ಬರ್ಲಿಲ್ರೀ."

"ನೀರು ಚೆಲ್ಲಿದ್ದು ನಾನು ನೋಡಿದ್ದೆ. ನೋಡಿದ್ರೂ 'ಇಲ್ಲ' ಅಂತ ಒತ್ತಿದೆ." ಅವಳು ಮಂಚದ ಪಕ್ಕದ ಕುರ್ಚಿ ಎಳೆದು ಕೂತಳು. "ತುಂಬಾ ನೋವಿದೆಯಾ?"

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. "ಪರವಾಗಿಲ್ರೀ ಅಕ್ಕಾರ."

ಅವನ ಎಡಗೈಯ ಕಡಗ ಹಸಿರಾಗಿಯೇ ಇತ್ತು. ಅವಳು ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನರ್ಸನ್ನು ಕರೆಯಲು ಹೋದಳು.

ಅಂಥ ಕಡಗ ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತಿ ಬಂದವನನ್ನು ಇವತ್ತೂ ನಾವು "ಸುಸ್ತಾಯ್ತಾ?" ಎಂದು ಬಾಯಿಮಾತಿಗೆ ಕೇಳುತ್ತೇವೆ. ಅವನು ಏನು ಹೇಳುತ್ತಾನೆಂದು ಕೇಳುವ ಮೊದಲೇ ನಮಗೆ ಗೊತ್ತಿರುತ್ತದೆ.