ಅರ್ತಿಲ್ಲದ ಮನೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮದ ಕಥೆ ಹೇಳಲು ಬೇಕಾದ ಮಾತುಗಾರಿಕೆ ನನಗಿಲ್ಲ. ಹಗಲು ದುಡಿದು, ಸಂಜೆ ತರಗತಿಯಲ್ಲಿ ಕಲಿತ ಅಕ್ಷರ ನನ್ನದು. ಎಲ್ಲೋ ಒಂದು ಕಡೆ ತಪ್ಪಿಯೇ ಇರುತ್ತದೆ. ಆದರೂ ಏಕನಾಥಮ್ಮನ ವಿಷಯ ಹೇಳದೆ ಇರಲು ಆಗುತ್ತಿಲ್ಲ.

"ಮುಟ್ಟಬ್ಯಾಡ್ರೀ...!"

ಆ ಕೂಗಿಗೆ ಏಕನಾಥಮ್ಮ ಬೆಚ್ಚಿಬಿದ್ದಳು. ಚಾಚಿದ ಕೈ ಅಲ್ಲೇ ನಿಂತಿತು.

ಹಿಂಬದಿಯ ಹಲಗೆ ಬಿಚ್ಚಿದ ರೇಡಿಯೋ ಮೇಜಿನ ಮೇಲಿತ್ತು. ಅದರ ಹಿಂದಿನಿಂದ ಒಂದು ಮುಖ ಮೇಲೆದ್ದಿತು. ಮೂಗಿನ ತುದಿಗೆ ಮಸಿ, ಹಲ್ಲಿನ ನಡುವೆ ಒಂದು ತುಂಡು ತಂತಿ, ಕಣ್ಣಲ್ಲಿ ಗಾಬರಿ.

"ನಮ್ಮನೆ ರೇಡಿಯೋ ನಾನು ಮುಟ್ಟಬಾರ್ದಾ?" ಅವಳಿಗೆ ಸಿಟ್ಟು ಬಂತು.

"ಮುಟ್ರಿ. ಆದ್ರೆ ಕರೆಂಟ್ ಹೊಡದ್ರೆ ನನ್ನ ಬಯ್ಯಬ್ಯಾಡ್ರಿ."

"ನಿಮಗೆ ಹೊಡಿಯಲ್ವಾ?"

"ದಿನಾ ಹೊಡಿತೈತೆ. ನಮ್ಮ ಸಾಬ್ರು ಬೈಯೋದಕ್ಕಿಂತ ಇದೇ ವಾಸಿ."

ನಗಬಾರದು ಅಂದುಕೊಂಡಳು. ಆದರೂ ನಗು ಬಂದೇಬಿಟ್ಟಿತು...

ಇದು ನಡೆದದ್ದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಸುಮಾರಿಗೆ, ಚಿತ್ರದುರ್ಗದಲ್ಲಿ, ಕೋಟೆ ಬುಡದ ಒಂದು ಓಣಿಯಲ್ಲಿ. ಅವಳ ಅಪ್ಪ ಎತ್ತಪ್ಪ ಕಂಬಳಿ ವ್ಯಾಪಾರಿ. ತಾಯಿಯಿಲ್ಲದ ಮನೆ. ವರ್ಗವಾಗಿ ಹೋದ ಒಬ್ಬ ಅಧಿಕಾರಿಯಿಂದ ಎತ್ತಪ್ಪ ಆ ದೊಡ್ಡ ವಾಲ್ವ್ ರೇಡಿಯೋ ಕೊಂಡು ತಂದಿದ್ದರು. ಗುಂಡಿ ತಿರುಗಿಸಿದರೆ ದೀಪ ಹತ್ತುತ್ತಿತ್ತು. ಆಮೇಲೆ ಬರೀ "ಗುಂಯ್..." ಭದ್ರಾವತಿ ಕೇಂದ್ರ ಹಿಡಿಯಲು ಎಷ್ಟು ಮುಳ್ಳು ತಿರುಗಿಸಿದರೂ ಗುಂಯ್!

ರಿಪೇರಿಗೆ ಬಂದವನು ರಂಗಪ್ಪ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವನು. ಕುರಿ ಕಾಯುವವರ ಮನೆಯ ಮಗ, ಎತ್ತಪ್ಪನ ಜನವೇ. ಸಂತೆ ಬೀದಿಯ ತಾಜುದ್ದೀನ್ ಸಾಬರ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತು ಅಲ್ಲೇ ನಿಂತಿದ್ದ.

ಒಂದು ವಾಲ್ವ್ ಹೋಗಿದೆ ಎಂದು ಬದಲಾಯಿಸಿದ. ಗುಂಯ್! ಬೇರೇನೋ ಬೆಸೆದ. ಗುಂಯ್! ಕೊನೆಗೆ ಹೊತ್ತುಕೊಂಡು ಅಂಗಡಿಗೆ ಹೋದ. ಅಲ್ಲಿ ಅದು ಗಂಟಲು ಬಿಚ್ಚಿ ಹಾಡಿತು. ಖುಷಿಯಿಂದ ವಾಪಸು ತಂದಿಟ್ಟರೆ ಮತ್ತೆ ಗುಂಯ್!

"ಏನಪ್ಪ ರಂಗಪ್ಪ, ನಿಮ್ಮ ಅಂಗಡಿ ಅಂದ್ರೆ ತವರುಮನೇನಾ ಇದಕ್ಕೆ?" ಎತ್ತಪ್ಪ ಮೀಸೆಯಡಿ ನಕ್ಕರು. "ಅಲ್ಲೇ ಇಟ್ಕಳ್ರಿ. ನಾನೇ ದಿನಾ ಬಂದು ಕೇಳ್ತೀನಿ."

ರಂಗಪ್ಪನ ಕಿವಿ ಕೆಂಪಾಯಿತು. ಒಳಗಿನಿಂದ ಮಜ್ಜಿಗೆ ತಂದ ಏಕನಾಥಮ್ಮನಿಗೆ ಪಾಪ ಅನಿಸಿತು. ಲೋಟ ಕೊಡುವಾಗ ಮೆಲ್ಲಗೆ, "ನಾಳೆ ಬರ್ತೀರಾ?" ಅಂದಳು.

"ಸರಿ ಹೋಗೋವರೆಗೂ ಬರ್ತೀನಿ."

(ಹಾಗಾದರೆ ಸರಿ ಹೋಗದೇ ಇರಲಿ... ಛೇ! ಏನು ಯೋಚನೆ ಇದು?)

ಹಾಗೇ ಬರುತ್ತಾ ಹೋಗುತ್ತಾ ಒಂದು ಮಧ್ಯಾಹ್ನ, ಎತ್ತಪ್ಪ ಅಂಗಳದಲ್ಲಿ ಗಿರಾಕಿಯೊಡನೆ ಮಾತಾಡುತ್ತಿದ್ದಾಗ, ರಂಗಪ್ಪ ತಲೆ ಎತ್ತದೆ ಹೇಳಿದ.

"ಇದು ಹಾಡಿದ ದಿನ ನಮ್ಮವ್ವನ್ನ ಕರ್ಕಂಡು ಬರ್ತೀನಿ."

"ಯಾಕೆ? ಹಾಡು ಕೇಳಕ್ಕಾ?"

"ಅಲ್ಲ... ನಿಮ್ಮಪ್ಪನ್ನ ಕೇಳಕೆ."

ಏಕನಾಥಮ್ಮ ಅಡುಗೆಮನೆಗೆ ಓಡಿಹೋಗಿ ಗೋಡೆಗೆ ಒರಗಿ ನಿಂತಳು. ಆ ಗಳಿಗೆಯಿಂದ ರೇಡಿಯೋದ ದೀಪ ಹತ್ತಿದಾಗಲೆಲ್ಲ ಅವಳು ಉಸಿರು ಹಿಡಿಯತೊಡಗಿದಳು.

ಆಮೇಲೆ ರಂಗಪ್ಪ ಬರಲಿಲ್ಲ.

ಬಂದವಳು ಪಕ್ಕದ ಮನೆಯ ಚಂದ್ರಕ್ಕ. ಸಂತೆಯಿಂದ ನೇರವಾಗಿ, ಚೀಲವನ್ನೂ ಕೆಳಗಿಡದೆ ಬಂದಿದ್ದಳು.

"ಎತ್ತಪ್ಪಣ್ಣ, ಆ ರೇಡಿಯೋ ಹುಡುಗ ಸಿಕ್ಕಿದ್ದ. ನಿಮಗೆ ಹೇಳು ಅಂದ. ಹೆಂಗೆ ಹೇಳ್ಲೋ ಏನೋ..."

"ಹೇಳಮ್ಮ."

"ಅವರ ಮನೇಲಿ ಅರ್ತಿಲ್ಲ ಅಂದ. ಅರ್ತಿಲ್ಲದ ಮನೆಗೆ ನಾನು ಬಂದೂ ಪ್ರಯೋಜನ ಇಲ್ಲ ಅಂದ."

ಎತ್ತಪ್ಪನ ಮುಖ ಕಪ್ಪಿಟ್ಟಿತು.

"ಅರ್ಥ ಇಲ್ವಂತಾ? ನನ್ನ ಮನೆಗೆ ಅರ್ಥ ಇಲ್ವಂತಾ, ಮರ್ಯಾದೆ ಇಲ್ವಂತಾ! ಮಜ್ಜಿಗೆ ಕುಡಿಯೋವಾಗ ಇತ್ತಾ? ಚಂದ್ರಕ್ಕ, ಮತ್ತೆ ಸಿಕ್ರೆ ಹೇಳು. ಈ ಓಣೀಗೆ ಕಾಲಿಡಬ್ಯಾಡ ಅನ್ನು!"

ಒಳಗೆ ಏಕನಾಥಮ್ಮನ ಕೈಯಿಂದ ಮೊರ ಜಾರಿತು. (ಪ್ರಯೋಜನ ಇಲ್ಲ ಅಂದರಾ? ಅವ್ವನ್ನ ಕರೆದುಕೊಂಡು ಬರುತ್ತೇನೆ ಅಂದ ಬಾಯಲ್ಲೇ...)

ಆ ವಾರವೇ ಹೊಸದುರ್ಗದ ಕಡೆಯ ಮಾಡದಕೆರೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಜನ, ಸಾಕಷ್ಟು ಕುರಿ, ಹೊಲ. ಅವಮಾನ ನುಂಗಿಕೊಂಡಿದ್ದ ಎತ್ತಪ್ಪ ಬೇಗನೆ ಆಗಲಿ ಅಂದರು. ಬರುವ ಶುಕ್ರವಾರ ಅವರು ಹೂವು ಹಣ್ಣು ತಂದು ಮಾತು ಮುಗಿಸುವುದು ಎಂದಾಯಿತು.

ಅವಳಿಗೆ ಅಳು ಬರಲಿಲ್ಲ. ಸುಮ್ಮನೆ ಕೆಲಸ ಮಾಡಿದಳು. ಹೊಸ ಕಂಬಳಿಗಳನ್ನು ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ನೆನೆಹಾಕಿ, ತುಳಿದು, ಹಿಂಡಿದಳು. ನೀರು ಕಲ್ಲಿನ ಸುತ್ತ ಹರಿದು ನಿಂತಿತು.

ಒಳಗೆ ಎತ್ತಪ್ಪ ಸುಮ್ಮನೆ ಗುಂಡಿ ತಿರುಗಿಸಿದರು.

"...ಆಕಾಶವಾಣಿ, ಭದ್ರಾವತಿ."

ಏಕನಾಥಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. ಧ್ವನಿ ಸ್ಪಷ್ಟವಾಗಿತ್ತು! ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಮರುದಿನ ಮತ್ತೆ ಗುಂಯ್. ಕಂಬಳಿ ನೆನೆಸಿದ ದಿನ ಮತ್ತೆ ಮಾತು. ನೆನೆಸದ ದಿನ ಗುಂಯ್.

(ಹಾಡಿದರೂ ಬರಲಿಲ್ಲವಲ್ಲ ಅವರು... ಯಾಕೆ ಅಂದರು ಹಾಗೆ? ಬಾಯಿಬಿಟ್ಟು ಕೇಳದೆ ಶುಕ್ರವಾರಕ್ಕೆ ತಲೆಬಾಗಿ ಕೂರಲಾ?)

ಇಲ್ಲ. ಕೇಳಲೇಬೇಕು!

ಗುರುವಾರ ಹಗಲು ಹೊತ್ತಿನಲ್ಲೇ ಅವಳು ಸಂತೆ ಬೀದಿಗೆ ನಡೆದಳು. ಅಂಗಡಿಯಲ್ಲಿ ತಾಜುದ್ದೀನ್ ಸಾಬರು ಟೀ ಕುಡಿಯುತ್ತಿದ್ದರು. ಅವಳನ್ನು ಕಂಡ ರಂಗಪ್ಪ ಎದ್ದು ನಿಂತ. ಮಂಡಿ ತಾಗಿ ಮೊಳೆ ಡಬ್ಬಿ ಉರುಳಿತು.

"ನಮ್ಮ ಮನೇಲಿ ಅರ್ತಿಲ್ಲ ಅಂದ್ರಂತೆ. ನಿಜಾನಾ?"

ರಂಗಪ್ಪ ತಲೆ ತಗ್ಗಿಸಿದ. "ನಿಜ ರೀ."

(ಸುಳ್ಳಾದರೂ ಹೇಳಬಾರದಿತ್ತೇ...)

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲೇ ಅನುಮಾನ ಇತ್ತು. ಆಮೇಲೆ ನಿಮ್ಮ ಹಿತ್ತಲಿಗೆ ಹೋಗಿ ನೋಡ್ದೆ. ಖಾತ್ರಿ ಆಯ್ತು."

"ನಮ್ಮನೆ ಅರ್ತಾನ ಹಿತ್ತಲಲ್ಲಿ ಹುಡುಕಿದ್ರಾ?"

"ಮತ್ತೆಲ್ಲಿ ಹುಡುಕ್ಬೇಕ್ರಿ? ಎಲ್ಲಾರ ಮನೇಲೂ ಅದು ಹಿತ್ತಲಲ್ಲೇ ಇರ್ತೈತೆ!"

ಸಾಬರ ಟೀ ಲೋಟ ತುಟಿಯ ಹತ್ತಿರವೇ ನಿಂತಿತು.

"ನಮ್ಮಪ್ಪಂಗೆ ಅರ್ತಿಲ್ಲ. ನಂಗೂ ಅರ್ತಿಲ್ಲ. ಅದಕೇ ಬರಲ್ಲ ಅಂದ್ರಿ. ಅಲ್ವಾ?" ಅವಳ ಕಣ್ಣು ತುಂಬಿತು.

ರಂಗಪ್ಪ ಕಕ್ಕಾಬಿಕ್ಕಿಯಾದ. "ನಿಮಗ್ಯಾಕ್ರೀ ಅರ್ತು? ನಿಮಗೇನು ಕರೆಂಟ್ ಕೊಟ್ಟವ್ರಾ?"

"ಯಾ ಅಲ್ಲಾ!" ಸಾಬರು ಟೀ ಚೆಲ್ಲಿಕೊಂಡು ನಕ್ಕರು. "ಬೇಟಿ, ಇವನು ಹೇಳಿದ್ದು ಅರ್ಥ, ಮರ್ಯಾದೆ ಅಲ್ಲ, ತಂತಿ! ರೇಡಿಯೋದಿಂದ ನೆಲಕ್ಕೆ ಒಂದು ತಂತಿ ಇಳಿಸ್ತೀವಲ್ಲ, ಅದಕ್ಕೆ ಇಂಗ್ಲಿಷಲ್ಲಿ ಅರ್ತು ಅಂತಾರೆ. ನಿಮ್ಮನೆ ಕೂತಿರೋದು ಬಂಡೆ ಮೇಲೆ. ನೆಲ ಒಣಗೈತೆ, ತಂತಿ ಇಳಿಸಿದ್ರೂ ಹಿಡಿಯಲ್ಲ. ಅರ್ತಿಲ್ಲ ಅಂದ್ರೆ ಅಷ್ಟೇ!"

ಏಕನಾಥಮ್ಮ ಕಣ್ಣು ಮಿಟುಕಿಸಿದಳು. ತಂತಿ...?

"ಕೆಳಗಿನ ಮಣ್ಣಲ್ಲಿ ಹೊಸ ಗುಂಡಿ ತೋಡಕೆ ಯಜಮಾನ್ರು ಒಪ್ಪಿದ್ರೆ ಬರ್ತೀನಿ ಅಂತ ಚಂದ್ರಕ್ಕಂಗೆ ಹೇಳಿದ್ದೆ," ಅಂದ ರಂಗಪ್ಪ. "ವಾಪಸ್ ಬಂದ ಮಾತು, ಓಣೀಗೆ ಕಾಲಿಡಬ್ಯಾಡ ಅಂತ. ನನ್ನ ಆಸೆ ಅವರಿಗೆ ಗೊತ್ತಾಗಿ ಬ್ಯಾಡ ಅಂದ್ರು ಅನ್ಕಂಡೆ."

ಏಕನಾಥಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಕಂಬಳಿ ನೆನೆಸಿದ ದಿನ ಅದು ಮಾತಾಡ್ತೈತೆ," ಅಂದಳು. "ಕಲ್ಲಿನ ಹತ್ರ ನೀರು ನಿಂತ ದಿನ."

"ರೇಡಿಯೋ ಕೂರಿಸಿದವರು ಆ ಕಲ್ಲಿನ ಸಂದಿಗೇ ತಂತಿ ಇಳಿಸಿದ್ದಾರೆ!" ರಂಗಪ್ಪ ಹಣೆ ಚಚ್ಚಿಕೊಂಡ. "ನೀರು ಹೊಯ್ದು ನೋಡ್ಬೇಕು ಅಂತ ನನಗೆ ಹೊಳೀಲೇ ಇಲ್ಲ. ಸುಮ್ನೆ ವಾಲ್ವ್ ಬದಲಾಯಿಸ್ದೆ."

"ನಾಳೆ ಮಾಡದಕೆರೆಯವರು ಬರ್ತಾರೆ. ನನ್ನ ನೋಡಿ ಮಾತು ಮುಗಿಸಕೆ."

ರಂಗಪ್ಪನ ಮುಖದ ಬಣ್ಣ ಇಳಿಯಿತು. ಸಾಬರು ಮೂಲೆಯಲ್ಲಿದ್ದ ಹಾರೆಯನ್ನು ಅವನ ಕೈಗೆ ಕೊಟ್ಟರು. "ನಿಂತ್ಕಂಡು ಏನ್ ನೋಡ್ತೀಯಲೇ? ಹೋಗು! ಗುಂಡಿ ತೋಡು!"

ಏಕನಾಥಮ್ಮನ ಹಿಂದೆಯೇ ಹಾರೆ ಹಿಡಿದು ಬಾಗಿಲಿಗೆ ಬಂದವನನ್ನು ಕಂಡು ಎತ್ತಪ್ಪ ಎದ್ದು ನಿಂತರು.

"ಏನಪ್ಪಾ, ನನ್ನ ಮನೇಲಿ ಏನಿಲ್ಲ ಅಂದೆ? ನನ್ನ ಮುಂದೆ ಅನ್ನು."

"ಅರ್ತು ಯಜಮಾನ್ರೆ. ನೆಲಕ್ಕೆ ಹೋಗೋ ತಂತಿ. ಒಂದು ಕೊಡ ನೀರು ಕೊಡ್ರಿ, ತೋರಿಸ್ತೀನಿ. ತಪ್ಪಾಗಿದ್ರೆ ಈಗಲೇ ಹೋಗ್ತೀನಿ."

ಏಕನಾಥಮ್ಮ ಅಪ್ಪನ ಅಪ್ಪಣೆಗೆ ಕಾಯಲಿಲ್ಲ. ತಾನೇ ಕೊಡ ತಂದು ಕಲ್ಲಿನ ಸಂದಿಗೆ ಸುರಿದಳು. ಒಳಗೆ ರೇಡಿಯೋದ ಗುಂಯ್ ಸದ್ದು ಸಣ್ಣಗಾಗುತ್ತಾ ಬಂತು... ಆಮೇಲೆ ಯಾರೋ ಕಡಲೆಕಾಯಿ ಬೆಳೆಯ ಬಗ್ಗೆ ಸಮಾಧಾನವಾಗಿ ಮಾತಾಡತೊಡಗಿದರು.

ಎತ್ತಪ್ಪ ಒಂದು ಸಲ ರೇಡಿಯೋ ನೋಡಿದರು, ಒಂದು ಸಲ ಹಿತ್ತಲು ನೋಡಿದರು. ಮೀಸೆ ಅಲುಗಿತು.

"ಬಂಡೆ ಮೇಲೆ ಮನೆ ಕಟ್ಟಿದ್ದು ನಮ್ಮಪ್ಪ. ಅವನನ್ನ ಬಯ್ಯಾಣ," ಅಂದರು. "ಕುಂತ್ಕಳಪ್ಪ."

ರಂಗಪ್ಪ ಕೂರಲಿಲ್ಲ. "ಇನ್ನೊಂದು ಮಾತು ಐತೆ ಯಜಮಾನ್ರೆ. ನಮ್ಮವ್ವನ್ನ ಕರ್ಕಂಡು ಬರ್ಲಾ? ಏಕನಾಥಮ್ಮೋರನ್ನ ಕೇಳಕೆ."

ಎತ್ತಪ್ಪ ರೇಡಿಯೋದ ಧ್ವನಿ ತಗ್ಗಿಸಿದರು.

"ತಡ ಮಾಡ್ದೆ ಕಣಪ್ಪ." ಎತ್ತಪ್ಪನ ಧ್ವನಿ ಇಳಿದಿತ್ತು. "ಮಾಡದಕೆರೆಯವರಿಗೆ ಬರ್ರಿ ಅಂದಾಗೈತೆ. ಮಾತು ಕೊಟ್ಟಾಗೈತೆ."

"ಅಪ್ಪಾ..." ಏಕನಾಥಮ್ಮ ಖಾಲಿ ಕೊಡ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. "ನೀನು ಕೊಟ್ಟಿದ್ದೀಯ. ನನ್ನ ಯಾರೂ ಕೇಳ್ಲಿಲ್ಲ."

"ಕೇಳಿದ್ರೆ ಏನಂತಿದ್ದೆ?"

"ಬ್ಯಾಡ ಅಂತಿದ್ದೆ."

ಎತ್ತಪ್ಪ ಬಹಳ ಹೊತ್ತು ಮಗಳನ್ನೇ ನೋಡಿದರು. ತಾಯಿಯಿಲ್ಲದ ಮಗಳು ಇಷ್ಟು ವರ್ಷದಲ್ಲಿ ಇದು ಬೇಕು, ಇದು ಬೇಡ ಎಂದು ಬಾಯಿಬಿಟ್ಟು ಹೇಳಿದ್ದನ್ನು ಅವರು ಕೇಳಿರಲಿಲ್ಲ. ಗೂಟದಲ್ಲಿದ್ದ ರುಮಾಲು ತೆಗೆದು ಸುತ್ತಿಕೊಂಡರು. ಹೆಗಲಿಗೆ ಒಂದು ಕಂಬಳಿ ಹಾಕಿಕೊಂಡರು.

"ಎಲ್ಲಿಗಪ್ಪ?"

"ಹೊಸದುರ್ಗದ ಬಸ್ಸಿಗೆ. ಅವರು ಇಲ್ಲಿಗೆ ಬಂದ ಮೇಲೆ ಇಲ್ಲ ಅಂದ್ರೆ ಅವರಿಗೆ ಅವಮಾನ. ನಾನೇ ಹೋಗಿ ಹೇಳ್ತೀನಿ." ಹೊಸ್ತಿಲು ದಾಟಿ ತಿರುಗಿದರು. "ಲೇ ರಂಗಪ್ಪ, ನಾನು ಬರೋ ಹೊತ್ತಿಗೆ ಗುಂಡಿ ತೋಡಿರ್ಬೇಕು. ಚಂದ್ರಕ್ಕ, ನೀನು ಗೋಡೆ ಆ ಕಡೆ ನಿಂತು ಕೇಳಿದ್ದು ಸಾಕು, ಈ ಕಡೆ ಬಂದು ಇವರ ಜೊತೆ ಕುಂತ್ಕ!"

ಚಂದ್ರಕ್ಕ ನಾಚಿಕೊಂಡು ಬಂದು ಅಂಗಳದ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಳು. ರಂಗಪ್ಪ ಹಿತ್ತಲ ಕೆಳಗಿನ ಮೆತ್ತನೆ ಮಣ್ಣಿನಲ್ಲಿ ಹಾರೆ ಹಾಕಿದ. ಗುಂಡಿ ಒಣಗದಂತೆ ತಂತಿಯ ಸುತ್ತ ತುಂಬಲು ಏಕನಾಥಮ್ಮ ಇದ್ದಿಲು, ಉಪ್ಪು ತಂದಿಟ್ಟಳು. ಬಿಸಿಲು ಇಳಿಯತೊಡಗಿತ್ತು.

"ಒಂದು ಕೇಳ್ಲಾ?" ಅಂದಳು. "ಅವತ್ತು ನೀವೇ ಯಾಕೆ ಬಂದು ಹೇಳ್ಲಿಲ್ಲ?"

ಅವನು ಹಾರೆ ಊರಿ ನಿಂತ. "ಅಷ್ಟು ಸಲ ಬಂದೂ ರಿಪೇರಿ ಆಗ್ಲಿಲ್ಲ. ನಿಮ್ಮ ಮುಂದೆ ನಿಂತು ಆಗ್ಲಿಲ್ಲ ಅನ್ನಕೆ ನಾಚಿಕೆ ಆಯ್ತು."

"ಇನ್ಮೇಲೆ ಆಗ್ಲಿಲ್ಲ ಅಂದ್ರೂ ನನಗೇ ಹೇಳ್ರಿ. ನಡುವೆ ಯಾರ ಕೈಲೂ ಹೇಳಿ ಕಳಿಸ್ಬ್ಯಾಡ್ರಿ."

"ಹಂಗಾದ್ರೆ ಈಗಲೇ ಒಂದು ಹೇಳ್ತೀನಿ." ಅವನು ಧ್ವನಿ ತಗ್ಗಿಸಿದ. "ನೀವಂದ್ರೆ ನಂಗೆ ಭಾಳ ಇಷ್ಟ."

ಏಕನಾಥಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಸರಿಯಾಗಿ ಕೇಳ್ಸಲಿಲ್ಲ. ಇನ್ನೊಂದ್ಸಲ ಹೇಳ್ರಿ."

"ಚಂದ್ರಕ್ಕಂಗೆ ಕೇಳ್ಸುತ್ತೆ!"

"ಕೇಳ್ಸಲಿ ಬಿಡ್ರಿ. ಈ ಸಲ ತಪ್ಪಾಗಿ ಕೇಳಿಸ್ಕಳಕೆ ಆಗಲ್ಲ."

ಅವನು ಇನ್ನೊಂದು ಸಲ ಹೇಳಿದ. ಸ್ವಲ್ಪ ಜೋರಾಗಿಯೇ ಹೇಳಿದ.

ನನಗೆ ತಿಳಿದದ್ದು ಇಷ್ಟು. ಮಾಡದಕೆರೆಯ ಆ ಮನೆಯಲ್ಲಿ ಕೂತು ಎತ್ತಪ್ಪ ಏನು ಹೇಳಿದರು, ಅವರು ಏನೆಂದರು, ಅಲ್ಲಿಯ ಹುಡುಗನಿಗೆ ನೋವಾಯಿತೋ ಏನೋ... ಎತ್ತಪ್ಪ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅದು ನನಗೆ ಗೊತ್ತಿಲ್ಲ.