ಮುನ್ನೂರು ಅಡಿ ಮೇಲಿದ್ದವಳು

"ಮೈಕ್ ಡೆಲ್ಟಾ, ನಿಮ್ಮ ಎತ್ತರ ಹೇಳಿ."

"ಏಳು ಸಾವಿರ ಅಡಿ."

"ನನ್ನ ಪರದೆಯಲ್ಲಿ ಏಳು ಸಾವಿರದ ಮುನ್ನೂರು ಕಾಣ್ತಿದೆ."

"ಹಾಗಾದ್ರೆ ಪರದೆ ಒರೆಸಿಕೊಳ್ಳಿ."

ಕಾನ್ಸಾಸ್ ಆಕಾಶದಲ್ಲಿ ಆಗ ಹಾರುತ್ತಿದ್ದ ಉಳಿದ ಪೈಲಟ್‌ಗಳೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಕಂಟ್ರೋಲರ್‌ಗೆ ಹೀಗೆ ಎದುರು ಮಾತಾಡಿದವರನ್ನು ಅವರು ಕೇಳಿರಲಿಲ್ಲ.

"ಮೈಕ್ ಡೆಲ್ಟಾ," ಆ ಗಂಡು ದನಿ ಮತ್ತೆ ಬಂತು, ಸ್ವಲ್ಪವೂ ಏರದೆ. "ಒತ್ತಡದ ಗುಂಡಿ ಒಂದ್ಸಲ ನೋಡ್ತೀರಾ?"

ಮಾರ್ಲಿಸ್ ನೋಡಿದಳು. ಅಯ್ಯೋ ದೇವರೇ... ಎತ್ತರದಿಂದ ಕೆಳಗಿಳಿಯುವಾಗ ಆಯಾ ಊರಿನ ಗಾಳಿಯ ಒತ್ತಡಕ್ಕೆ ಆ ಗುಂಡಿಯನ್ನು ತಿರುಗಿಸಬೇಕು. ತಿರುಗಿಸಿರಲಿಲ್ಲ. ಸದ್ದಿಲ್ಲದೆ ತಿರುಗಿಸಿ, ಮುನ್ನೂರು ಅಡಿ ಕೆಳಗಿಳಿದಳು.

"ಈಗ ಸರಿಯಾಯ್ತು. ಏನು ಮಾಡಿದಿರಿ?"

"ಏನೂ ಇಲ್ಲ."

ಆ ಕಡೆ ಅವನು ನಕ್ಕಿದ್ದು ಕೇಳಿಸಿತು. ಮಾರ್ಲಿಸ್ ಡ್ರೈಲಿಂಗ್‌ಳ ಕಿವಿ ಕೆಂಪಾಯಿತು. ಅವಳ ಕಿವಿ ಕೆಂಪಾದದ್ದನ್ನು ನೋಡಲು ಅಲ್ಲಿ ಬಟ್ಟೆ ಒಗೆಯುವ ಯಂತ್ರ ಬಿಟ್ಟರೆ ಯಾರೂ ಇರಲಿಲ್ಲ.

ಹೌದು, ಇದು ನಿಜವಾದ ಆಕಾಶವಲ್ಲ. ಮಾರ್ಲಿಸ್ ಕುಳಿತಿದ್ದದ್ದು ವಿಚಿಟಾದ ತನ್ನ ಮನೆಯ ನೆಲಮಾಳಿಗೆಯಲ್ಲಿ. ಮುಂದೆ ಮೂರು ಪರದೆಗಳು, ಬಲಗೈಗೆ ಎಂಜಿನ್ ವೇಗ ಏರಿಸಿ ಇಳಿಸುವ ಎರಡು ಥ್ರಾಟಲ್, ಕೂರಲು ಗುಜರಿಗೆ ಹೋಗಬೇಕಿದ್ದ ಪಿಕಪ್ ಟ್ರಕ್ಕಿನ ಸೀಟು. ಓಡಿಸುತ್ತಿದ್ದದ್ದು ಆರು ಜನ ಕೂರುವ ಪುಟ್ಟ ಬಿಸಿನೆಸ್ ಜೆಟ್, ರೇಡಿಯೋದಲ್ಲಿ ಅದರ ಹೆಸರು ಮೈಕ್ ಡೆಲ್ಟಾ. ಅವಳಂತೆಯೇ ಮನೆಯಲ್ಲಿ ಕೂತು ಹಾರುವ ಸಾವಿರಾರು ಜನ ಇಂಟರ್‌ನೆಟ್‌ನಲ್ಲಿ ಒಂದೇ ಆಕಾಶದಲ್ಲಿ ಸೇರುತ್ತಾರೆ. ಅವರಿಗೆ ದಾರಿ ಹೇಳುವ ಕಂಟ್ರೋಲರ್‌ಗಳೂ ಹಾಗೇ ಮನೆಯಲ್ಲಿ ಕೂತವರು, ಸಂಬಳವಿಲ್ಲದೆ ಪ್ರೀತಿಗಾಗಿ ಮಾಡುವವರು.

ಆಟ ಅಂದುಕೊಳ್ಳಬೇಡಿ, ಇವರಿಗೆ ಸಿಟ್ಟು ಬರುತ್ತದೆ. ನಿಯಮ ಅಂದರೆ ನಿಯಮ. ಕಂಟ್ರೋಲರ್ ಏನು ಹೇಳಿದರೂ ಪೈಲಟ್ ಅದನ್ನೇ ತಿರುಗಿ ಹೇಳಬೇಕು. ಅವನು 'ಸರಿಯಾಗಿದೆ' ಅನ್ನಬೇಕು. ಆಗಲೇ ಮಾತು ಮುಗಿದಂತೆ.

ಮಾರ್ಲಿಸ್‌ಗೆ ನಿಯಮ ಹೊಸದೇನಲ್ಲ. ಹಗಲು ಶಾಲೆಯಲ್ಲಿ ಆಟದ ಟೀಚರ್, ಸಂಜೆ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ರೆಫರಿ. ಒಮ್ಮೆ ಸೀಟಿ ಊದಿದರೆ ಮುಗಿಯಿತು, ತೀರ್ಪು ಬದಲಿಸಿದವಳೇ ಅಲ್ಲ. ಮೂವತ್ತಾರು ವರ್ಷದಲ್ಲಿ ಅವಳು 'ತಪ್ಪು ನನ್ನದು' ಅಂದದ್ದನ್ನು ಅವಳ ಅಕ್ಕ ಟ್ರೂಡಿಯೂ ಕೇಳಿಲ್ಲ.

ಆ ದನಿಯವನ ಹೆಸರು ವೇಡ್ ಲಿಂಡ್‌ಹೋಮ್. ವಿಚಿಟಾದಿಂದ ಕಾರಿನಲ್ಲಿ ಒಂದೂಕಾಲು ಗಂಟೆ ದೂರದ ಲಿಂಡ್ಸ್‌ಬೋರ್ಗ್‌ನವನು, ಪಿಯಾನೋ ಶ್ರುತಿ ಮಾಡುವುದು ಕಸುಬು. ಇದನ್ನೆಲ್ಲ ಅವಳು ತಿಳಿದದ್ದು ಆಮೇಲೆ, ಅವನ ಪಾಳಿ ಮುಗಿದ ಮೇಲೆ ಇಬ್ಬರೂ ಟೈಪ್ ಮಾಡುತ್ತಾ ಕೂರುವ ಅಭ್ಯಾಸ ಶುರುವಾದ ಮೇಲೆ. ಫೋಟೋ ಬೇಡ, ಫೋನ್ ನಂಬರ್ ಬೇಡ ಅಂತ ಷರತ್ತು ಹಾಕಿದವಳು ಅವಳೇ. ಹೆಸರು ಗೊತ್ತಿದ್ದರೂ ಅವನು ಅವಳನ್ನು ವಿಮಾನದ ಹೆಸರಿನಿಂದಲೇ ಕರೆಯುತ್ತಿದ್ದ. ಅವಳು ಅವನ ಆಕಾಶ ದಾಟಿ ಹೋಗುವಾಗಲೆಲ್ಲ, ನಿಯಮದಲ್ಲಿಲ್ಲದ ಒಂದು ಮಾತು ಸೇರಿಸುತ್ತಿದ್ದ. "ಹುಷಾರಾಗಿ ಹೋಗಿ, ಮೈಕ್ ಡೆಲ್ಟಾ."

ಒಂದು ಸಂಜೆ ಪಂದ್ಯದಲ್ಲಿ ಯಾರದೋ ಅಪ್ಪ ಅವಳಿಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದಿದ್ದ. ಮನೆಗೆ ಬಂದವಳು ಊಟವನ್ನೂ ಮಾಡದೆ ನೆಲಮಾಳಿಗೆಗಿಳಿದು ಎಂಜಿನ್ ಚಾಲೂ ಮಾಡಿದಳು. ರೇಡಿಯೋದಲ್ಲಿ ಹೇಳಿದ್ದು ತನ್ನ ವಿಮಾನದ ಹೆಸರೊಂದೇ.

"ಮೈಕ್ ಡೆಲ್ಟಾ, ಇವತ್ತು ನಿಮ್ಮ ದನಿ ಅರ್ಧ ಸ್ವರ ಕೆಳಗಿದೆ," ಅಂದ ವೇಡ್. "ತಿರುವು ಗಿರುವು ಏನೂ ಬೇಡ. ನೇರ ಹೋಗಿ. ಆಕಾಶ ಖಾಲಿ ಮಾಡಿಸಿದೀನಿ."

ಆ ರಾತ್ರಿ ಮಾರ್ಲಿಸ್ ಟ್ರಕ್ಕಿನ ಸೀಟಿನಲ್ಲಿ ಕೂತು ಅತ್ತಳು. ಬೈಸಿಕೊಂಡದ್ದಕ್ಕಲ್ಲ. *ನನ್ನ ಮುಖವನ್ನೇ ನೋಡದವನಿಗೆ ನನ್ನ ಮನಸ್ಸು ಹೇಗೆ ಕಾಣಿಸಿತು?*

ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಸುತ್ತಿ ಬಳಸಿ ಹೇಳುವುದೇನು ಬಂತು.

ಜನವರಿಯಲ್ಲಿ ಅವನೇ ಕೇಳಿದ. ಇಬ್ಬರ ಊರಿನ ನಡುವೆ ನ್ಯೂಟನ್ ಇದೆ, ಅಲ್ಲಿ ರೈಲು ನಿಲ್ದಾಣದ ಎದುರಿನ ಹೋಟೆಲ್‌ನಲ್ಲಿ ಖಾರದ ಮಾಂಸದ ಸಾರು ಚಿಲಿ ಜೊತೆ ಸಿಹಿಯಾದ ಸಿನಮನ್ ರೋಲ್ ಕೊಡುತ್ತಾರೆ, ಬರುತ್ತೀರಾ ಎಂದು. ಅವಳು ಹೂಂ ಅಂದ ಮೇಲೆ ಒಂದು ಸಾಲು ಬರೆದ: ಶನಿವಾರ, ಜುಲು ಒಂದೂವರೆ.

ಜುಲು ಅಂದರೆ ವಿಮಾನದವರ ಗಡಿಯಾರ. ಯಾವ ದೇಶದಲ್ಲಿ ಹಾರಿದರೂ ಅವರಿಗೆಲ್ಲ ಒಂದೇ ಸಮಯ, ಇಂಗ್ಲೆಂಡಿನ ಗ್ರೀನಿಚ್‌ನದು. ಮನೆಯಲ್ಲಿ ಕೂತು ಹಾರುವವರಿಗೂ ಅದೇ ರೂಢಿಯಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನೂ ಜುಲುವಿನಲ್ಲೇ ಹೇಳುತ್ತಾರೆ. ಚಳಿಗಾಲದಲ್ಲಿ ಕಾನ್ಸಾಸ್ ಅದಕ್ಕಿಂತ ಆರು ಗಂಟೆ ಹಿಂದೆ. ಮಾರ್ಲಿಸ್ ಕ್ಷಣದಲ್ಲಿ ಕಳೆದಳು. ಸಂಜೆ ಏಳೂವರೆ.

ಶನಿವಾರ ಸಂಜೆ ಟ್ರೂಡಿ ಬಂದು ಅವಳ ಕೂದಲು ಬಾಚಿದಳು. "ಮುಖ ನೋಡದ ಗಂಡಸಿಗೋಸ್ಕರ ಇಷ್ಟೊಂದು ಲಿಪ್‌ಸ್ಟಿಕ್ಕೇನೇ?" ಅಂತ ಕಾಡಿದಳು. ಮಾರ್ಲಿಸ್ ತಾನೇ ಮಾಡಿದ, ಎಲೆಕೋಸು ಮಾಂಸ ತುಂಬಿದ ಬಿಯರಾಕ್ ಬನ್ನುಗಳನ್ನು ಡಬ್ಬಿಗೆ ಹಾಕಿಕೊಂಡು, ಹಿಮ ಬಿದ್ದ ಹೆದ್ದಾರಿಯಲ್ಲಿ ಹಾಡುತ್ತಾ ಹೋದಳು.

ಕಿಟಕಿ ಪಕ್ಕದ ಮೇಜಿನಲ್ಲಿ ಕೂತಳು. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿದಳು. ಎಂಟಾಯಿತು. ಒಂಬತ್ತಾಯಿತು. ಊಟ ಬಡಿಸುವ ಬೆವ್ ಮೂರನೇ ಸಲ ಕಾಫಿ ತುಂಬಿಸಿ, ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಸುಮ್ಮನಾದಳು.

ವೇಡ್ ಬರಲಿಲ್ಲ.

ಭಾನುವಾರ ಮಾರ್ಲಿಸ್ ಹಾರಲು ಹೋದಳು. ಅವನು ಕ್ಷಮೆ ಕೇಳುತ್ತಾನೆ, ಕೇಳಿದರೆ ಸ್ವಲ್ಪ ಸತಾಯಿಸಿ ಆಮೇಲೆ ಒಪ್ಪಿಕೊಳ್ಳೋಣ ಅಂದುಕೊಂಡಿದ್ದಳು. ಅವನು ಕೇಳಲಿಲ್ಲ, ಟೈಪ್ ಮಾಡಿ ಏನೂ ಕಳಿಸಿರಲೂ ಇಲ್ಲ. ಎತ್ತರ ಹೇಳಿದ, ದಿಕ್ಕು ಹೇಳಿದ. ತನ್ನ ಆಕಾಶದ ಅಂಚು ಬರುವ ಎಷ್ಟೋ ಮೊದಲೇ ಅವಳನ್ನು ಮುಂದಿನ ಕಂಟ್ರೋಲರ್‌ಗೆ ಒಪ್ಪಿಸಿಬಿಟ್ಟ. ಹುಷಾರಾಗಿ ಹೋಗಿ ಅನ್ನಲಿಲ್ಲ.

*ಓಹೋ. ಬಾರದವನಿಗೇ ಇಷ್ಟು ಬಿಗುಮಾನವೇ!*

ಸೀಟಿ ಊದಿದ್ದಾಯಿತು. ತೀರ್ಪು ಕೊಟ್ಟಾಯಿತು. ಅಂದಿನಿಂದ ಅವಳು ಟೆಕ್ಸಾಸ್ ಕಡೆಗೇ ಹಾರಿದಳು, ಉತ್ತರಕ್ಕೆ ತಿರುಗಿ ನೋಡಲಿಲ್ಲ. ವಾರಕ್ಕೆ ಎರಡು ಸಲ ಇಂಟರ್‌ನೆಟ್‌ನಲ್ಲಿ ಅವನ ಹೆಸರು ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತಿದ್ದಳು. ಅದು ನೋಡಿದ್ದಲ್ಲ, ಕಣ್ಣಿಗೆ ಬಿದ್ದದ್ದು ಅಂತ ಟ್ರೂಡಿಯ ಎದುರು ವಾದ ಬೇರೆ.

ಫೆಬ್ರವರಿಯ ಕೊನೆಯಲ್ಲಿ ಹೀಗೇ ನೋಡುವಾಗ ಒಂದು ಪ್ರಕಟಣೆ ಕಂಡಿತು. ವೇಡ್ ಲಿಂಡ್‌ಹೋಮ್ ಕಂಟ್ರೋಲರ್ ಕೆಲಸ ಬಿಡುತ್ತಿದ್ದಾನೆ. ಈ ಶುಕ್ರವಾರ ಸಂಜೆ ಅವನ ಕೊನೆಯ ಪಾಳಿ, ವಿದಾಯ ಹೇಳುವವರು ಬಂದು ಹಾರಿ.

ಮಾರ್ಲಿಸ್ ಅದನ್ನು ಮತ್ತೊಮ್ಮೆ ಓದಿದಳು. ಬಿಟ್ಟರೆ ಬಿಡಲಿ, ನನಗೇನು ಅಂದುಕೊಂಡಳು. ಗುರುವಾರ ನ್ಯೂಟನ್‌ನಲ್ಲಿ ಪಂದ್ಯವಿತ್ತು. ಸೀಟಿಯನ್ನು ಇನ್ನೂ ಕೊರಳಲ್ಲಿ ಹಾಕಿಕೊಂಡೇ, ತನಗೇ ತಿಳಿಯದಂತೆ ಆ ಹೋಟೆಲ್ ಮುಂದೆ ಕಾರು ನಿಲ್ಲಿಸಿದ್ದಳು.

ಬೆವ್ ಅವಳನ್ನು ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೆ ಕಾಯೋಕೆ ಬಂದ್ಯೇನಮ್ಮಾ? ಆ ವಾರ ನನಗೆ ಸಾಕಾಗಿಹೋಗಿತ್ತು. ಅದೇ ಮೇಜು. ಶನಿವಾರ ನೀನು, ಅದರ ಹಿಂದಿನ ದಿನ ಅವನು."

"ಯಾರು?"

"ನಮ್ಮ ಚರ್ಚಿನ ಪಿಯಾನೋ ಶ್ರುತಿ ಮಾಡ್ತಾನಲ್ಲ, ಲಿಂಡ್ಸ್‌ಬೋರ್ಗ್‌ನವನು. ಎರಡು ಚಿಲಿ ತರಿಸಿದ. ಎದುರಿನದು ಹಾಗೇ ತಣ್ಣಗಾಯ್ತು. ಬಾಗಿಲು ಹಾಕೋವರೆಗೂ ಕೂತಿದ್ದ ಪಾಪ. ಅವತ್ತು ನಿನಗೆ ಹೇಳೋಣ ಅನ್ಕೊಂಡೆ, ನಿನ್ನ ಮುಖ ನೋಡಿ ಹೆದರಿದೆ."

ಮಾರ್ಲಿಸ್ ಕೌಂಟರಿನ ಅಂಚು ಹಿಡಿದುಕೊಂಡಳು.

ಹಿಂದಿನ ದಿನ. ಶುಕ್ರವಾರ. ಜುಲು ಗಡಿಯಾರದಲ್ಲಿ ಶನಿವಾರ ಒಂದೂವರೆ ಅಂದರೆ ನಡುರಾತ್ರಿ ಕಳೆದು ಒಂದೂವರೆ. ಅಲ್ಲಿ ಶನಿವಾರ ಹುಟ್ಟಿದ್ದರೂ ಕಾನ್ಸಾಸ್‌ನಲ್ಲಿ ಇನ್ನೂ ಶುಕ್ರವಾರ ಸಂಜೆ! ಗಂಟೆ ಕಳೆದಿದ್ದಳು, ದಿನ ಕಳೆಯುವುದನ್ನು ಮರೆತಿದ್ದಳು. ನಿನ್ನೆ ಮೊನ್ನೆ ಸೇರಿದವರು ಮಾಡುವ ತಪ್ಪು. ಒಂಬತ್ತು ವರ್ಷ ಹಾರಿದವಳು ಮಾಡಿದ್ದಳು, ಯಾಕೆಂದರೆ ಆ ಸಾಲು ಓದುವಾಗ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

*ಅವನು ಬಂದಿದ್ದ. ಬಾರದಿದ್ದವಳು ನಾನು.*

ಬೆವ್ ಅವನ ಫೋನ್ ನಂಬರ್ ಚರ್ಚಿನಲ್ಲಿ ಕೇಳಿಕೊಡುತ್ತೇನೆ ಅಂದಳು. ಮಾರ್ಲಿಸ್ ಬೇಡ ಅಂದಳು. ಎಲ್ಲರ ಎದುರು ಮುಖ ತಿರುಗಿಸಿಕೊಂಡಿದ್ದಳು. ರೇಡಿಯೋದಲ್ಲಿ ಎಲ್ಲರ ಎದುರೇ ಹೇಳಬೇಕು. ಅವಳು ಬಲ್ಲ ನ್ಯಾಯ ಅದೊಂದೇ.

ಶುಕ್ರವಾರ ಸಂಜೆ ಪಂದ್ಯಕ್ಕೆ ಬೇರೆ ರೆಫರಿಯನ್ನು ಒಪ್ಪಿಸಿ, ನೆಲಮಾಳಿಗೆಗಿಳಿದಳು. ಬ್ಯಾಟರಿ ಹಾಕಿದಳು. ಬಲದ ಎಂಜಿನ್, ಆಮೇಲೆ ಎಡದ್ದು. ಒತ್ತಡದ ಗುಂಡಿಯನ್ನು ಎರಡು ಸಲ ನೋಡಿದಳು. ಮೋಡದಲ್ಲಿ ಮಂಜುಗಡ್ಡೆ ಕಟ್ಟುತ್ತಿತ್ತು, ರೆಕ್ಕೆ ಬಿಸಿ ಮಾಡುವ ಸ್ವಿಚ್ ಒತ್ತಿದಳು. ವಿಚಿಟಾದಿಂದ ವೇಡ್‌ನ ಆಕಾಶ ಹಾದು ಉತ್ತರದ ಸಲೈನಾಗೆ ಆ ಪುಟ್ಟ ಜೆಟ್‌ಗೆ ಸ್ವಲ್ಪ ಹೊತ್ತಿನ ದಾರಿ. ಏಳು ಸಾವಿರ ಅಡಿಗೆ ಏರಿ ನೆಟ್ಟಗೆ ಹಾರಿದಳು.

ರೇಡಿಯೋ ತುಂಬಿ ತುಳುಕುತ್ತಿತ್ತು. ವಿದಾಯ ಹೇಳಲು ಬಂದವರೇ ಎಲ್ಲ. ಮಾರ್ಲಿಸ್ ಒಂದು ಸಂದಿ ಸಿಗುವವರೆಗೆ ಕಾದು, ಮಾತಾಡುವ ಗುಂಡಿ ಒತ್ತಿ ಕಂಟ್ರೋಲರ್‌ನನ್ನು ಕರೆದಳು.

"ಸೆಂಟರ್, ಮೈಕ್ ಡೆಲ್ಟಾ. ಸಮಯ ಎಷ್ಟು ಹೇಳಿ."

ಸಮಯ ಕೇಳುವ ಹಕ್ಕು ಎಲ್ಲ ಪೈಲಟ್‌ಗಳಿಗೂ ಇದೆ. ಉತ್ತರ ಕೊಡದೆ ಅವನಿಗೂ ದಾರಿಯಿಲ್ಲ.

"ಮೈಕ್ ಡೆಲ್ಟಾ... ಜುಲು ಒಂದೂವರೆ."

"ವಾರ ಯಾವುದು?"

ಇದನ್ನು ಯಾರೂ ಕೇಳುವುದಿಲ್ಲ.

"ಶನಿವಾರ."

"ನಮ್ಮನೆ ಕಿಟಕಿಯಾಚೆ ಇನ್ನೂ ಶುಕ್ರವಾರ," ಅಂದಳು ಮಾರ್ಲಿಸ್. "ನಾನು ಗಂಟೆ ಕಳೆದೆ, ದಿನ ಕಳೀಲಿಲ್ಲ. ನೀವು ಕಾದ ಮಾರನೇ ದಿನ ಅದೇ ಮೇಜಲ್ಲಿ ನಾನೂ ಕಾದೆ. ತಪ್ಪು ನನ್ನದು. ಪೂರ್ತಿ ನನ್ನದು. ಆ ಮೊದಲನೇ ದಿನದ ಮುನ್ನೂರು ಅಡಿಯೂ ನನ್ನದೇ."

ಗುಂಡಿ ಬಿಟ್ಟಳು. ಬಟ್ಟೆ ಒಗೆಯುವ ಯಂತ್ರವೂ ಆ ಹೊತ್ತಿಗೇ ನಿಂತಿತ್ತು.

ಆಗ ತುಲ್ಸಾದ ಯಾರೋ ಒಬ್ಬ ಮುದುಕ ಪೈಲಟ್ ಬಾಯಿ ಹಾಕಿದ. "ಸೆಂಟರ್, ನಮ್ಮದೇನೂ ಅವಸರ ಇಲ್ಲ. ನಾವು ಇಲ್ಲೇ ಸುತ್ತು ಹೊಡೀತಿರ್ತೀವಿ."

ಇನ್ನಿಬ್ಬರು ನಾವೂ ಅಷ್ಟೇ ಅಂದರು.

"ಮೈಕ್ ಡೆಲ್ಟಾ," ಅಂದ ವೇಡ್. "ನಿಮ್ಮ ಎತ್ತರ ಹೇಳಿ."

"ಏಳು ಸಾವಿರ ಅಡಿ."

"ನನ್ನ ಪರದೆಯಲ್ಲೂ ಏಳು ಸಾವಿರ." ಅವನು ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. "ಇನ್ನು ನಿಮ್ಮನ್ನ ಸಲೈನಾದವರಿಗೆ ಒಪ್ಪಿಸ್ಬೇಕು. ಮನಸ್ಸಿಲ್ಲ."

"ಒಪ್ಪಿಸಬೇಡಿ."

"ಹಾಗಾದ್ರೆ ಬರ್ಕೊಳ್ಳಿ. ನ್ಯೂಟನ್. ನಾಳೆ ಸಂಜೆ ಏಳೂವರೆ. ಕಾನ್ಸಾಸ್‌ನ ಶನಿವಾರ."

"ನ್ಯೂಟನ್, ನಾಳೆ ಸಂಜೆ ಏಳೂವರೆ, ಕಾನ್ಸಾಸ್‌ನ ಶನಿವಾರ. ಮೈಕ್ ಡೆಲ್ಟಾ."

"ಸರಿಯಾಗಿದೆ. ಹುಷಾರಾಗಿ ಹೋಗಿ, ಮೈಕ್ ಡೆಲ್ಟಾ."

ಸಲೈನಾದಲ್ಲಿ ಅವಳ ಚಕ್ರಗಳು ನೆಲ ಮುಟ್ಟಿದ್ದು ಎಷ್ಟು ಮೆತ್ತಗೆ ಅಂದರೆ, ಅಷ್ಟು ಚಂದ ಅವಳು ಹಿಂದೆಂದೂ ಇಳಿಸಿರಲಿಲ್ಲ. ಅದನ್ನು ನೋಡಿದವರು ಯಾರೂ ಇಲ್ಲವಲ್ಲ ಅನ್ನುವುದೊಂದೇ ಅವಳ ದುಃಖ.

ಮರುದಿನ ಮಾರ್ಲಿಸ್ ಆರೂವರೆಗೇ ನ್ಯೂಟನ್ ತಲುಪಿದಳು, ಇನ್ನು ಯಾವ ಗಡಿಯಾರವನ್ನೂ ನಂಬುವುದಿಲ್ಲವೆಂದು. ಕಿಟಕಿ ಪಕ್ಕದ ಮೇಜಿನಿಂದ ಒಬ್ಬ ಎದ್ದು ನಿಂತ. ಉದ್ದನೆಯ, ಸಣಕಲು ಗಂಡಸು. ಕಿವಿಗಳು ದೊಡ್ಡವು. ಅವನು ಐದಕ್ಕೇ ಬಂದು ಕೂತಿದ್ದಾನೆಂದು ಬೆವ್ ಅಡುಗೆಮನೆಯಿಂದಲೇ ಕೂಗಿ ಹೇಳಿದಳು.

ಮಾರ್ಲಿಸ್ ಬಿಯರಾಕ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನೀವು..." ಅಂತ ಶುರು ಮಾಡಿದ ವೇಡ್.

"ನೀವು ಗೀವು ರೇಡಿಯೋದಲ್ಲಿರ್ಲಿ. ನನಗೊಂದು ಹೆಸರಿದೆ."

"ಮಾರ್ಲಿಸ್."

"ಇನ್ನೊಂದ್ಸಲ ಹೇಳು. ಸರಿಯಾಗಿ ಕೇಳಿಸ್ಲಿಲ್ಲ."

ಕೇಳಿಸಿತ್ತು. ಅದು ಅವನಿಗೂ ಗೊತ್ತಿತ್ತು.

"ಮಾರ್ಲಿಸ್, ನಿನ್ನ ಮೇಲೆ ನನಗೆ ಪ್ರೀತಿ. ಪರದೆ ಒರೆಸಿಕೊಳ್ಳಿ ಅಂದ್ಯಲ್ಲ, ಆವತ್ತಿನಿಂದ." ಅವನು ಅವಳ ತಣ್ಣಗಾದ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಈಗ ತಿರುಗಿ ಹೇಳ್ಬೇಕು. ನಿಯಮ."

ಜನ್ಮದಲ್ಲಿ ಯಾರ ಮಾತಿಗೂ ತಲೆಬಾಗದ ರೆಫರಿ ಆ ನಿಯಮಕ್ಕೆ ತಲೆಬಾಗಿದಳು.

"ನಿನ್ನ ಮೇಲೆ ನನಗೆ ಪ್ರೀತಿ, ವೇಡ್."

"ಸರಿಯಾಗಿದೆ," ಅಂದ ಅವನು.