ಹಾಗಲಕಾಯಿ ಉಂಡ ಮಗಳು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ಕರಡಿಗಳೂ ಕ್ಷೇಮಸಮಾಚಾರ ವಿಚಾರಿಸುತ್ತಿದ್ದ ಕಾಲ ಅದು, ಮಿಣುಕುಪುರವೆಂಬ ರಾಜ್ಯದಲ್ಲಿ ಬೀರಣ್ಣನೆಂಬ ಕಂಬಳಿ ನೇಯುವವನಿದ್ದ. ಅವನ ಒಬ್ಬಳೇ ಮಗಳು ದ್ಯಾವಿ ಜ್ವರ ಬಂದು ತೀರಿಕೊಂಡಳು. ಅವನ ಮಗ್ಗ ನಿಂತಿತು, ನಗು ನಿಂತಿತು, ಅವಳ ಹೆಸರು ಕೂಡ ಬಾಯಿಗೆ ಬಾರದಾಯಿತು.

"ಮುತ್ತಿನಗಿರಿ ಬೆಟ್ಟದ ದೇವರ ಹತ್ತಿರ ನಡೆದು ಹೋಗಿ ಬಾರಪ್ಪಾ, ಎದೆ ಹಗುರಾಗುತ್ತೆ," ಎಂದರು ಹಿರಿಯರು. ಹೊರಟ.

ಆ ದಾರಿಯಲ್ಲಿ ಧೂಮಜಟಿಯೆಂಬ ಮಾಂತ್ರಿಕನಿದ್ದ. ಕಣ್ಣೀರು ಕುಡಿದು ಬದುಕುವ ದುಷ್ಟ. ಸತ್ತ ಮಕ್ಕಳ ರೂಪ ತಾಳಿ ಬರುತ್ತಿದ್ದ. ‘ನನ್ನ ಕೂಸೇ’ ಎಂದು ಅಪ್ಪಿಕೊಂಡವರು ಅಲ್ಲೇ ಕಲ್ಲಾಗಿ, ಸದಾ ನೀರೊಸರುತ್ತ ನಿಲ್ಲುತ್ತಿದ್ದರು.

ಮೊದಲು ಹಳ್ಳದ ಬಳಿ ಗಿಳಿಯೊಂದು ಕೇಳಿತು: "ಅಣ್ಣಾ, ನಿನ್ನ ಮಗಳು ಹೇಗಿದ್ದಳು?"

"ಚಿನ್ನದಂಥ ಮಗು. ಎದುರು ಮಾತೇ ಆಡಿದವಳಲ್ಲ."

ಆಮೇಲೆ ಕಾಡಿನಲ್ಲಿ ಕರಡಿಯೊಂದು ಕೇಳಿತು: "ಅಣ್ಣಾ, ನಿನ್ನ ಮಗಳು ಹೇಗಿದ್ದಳು?"

"ಚಿನ್ನದಂಥ ಮಗು. ಹಠವೆಂದರೇನೆಂದೇ ಗೊತ್ತಿರಲಿಲ್ಲ."

ಎರಡೂ ಮಾಂತ್ರಿಕನ ಗೂಢಚಾರರು! ಕೇಳಿದ್ದನ್ನು ಚಾಚೂ ತಪ್ಪದೆ ಒಡೆಯನಿಗೆ ಒಪ್ಪಿಸಿದವು.

ಕೊನೆಗೆ ಬೆಟ್ಟದ ಬುಡದಲ್ಲಿ ಬೀರಣ್ಣ ದಾರಿಯ ಊರಿನವರು ಕೊಟ್ಟ ಬುತ್ತಿ ಬಿಚ್ಚಿದ. ಎಂದಿನಂತೆ ಎರಡು ಎಲೆ ಹಾಸಿದ, ಒಂದು ತನಗೆ, ಒಂದು ಇಲ್ಲದವಳಿಗೆ. ರೊಟ್ಟಿ, ಹಾಗಲಕಾಯಿ ಪಲ್ಯ ಬಡಿಸಿ ಕಣ್ಣೆತ್ತಿದರೆ, ಎಲೆಯ ಮುಂದೆ ದ್ಯಾವಿ! ಅದೇ ಗುಂಗುರು ಕೂದಲು, ಅದೇ ಮುರಿದ ಹಲ್ಲು.

"ಅಪ್ಪಾ, ಎತ್ತಿಕೋ."

ಬೀರಣ್ಣ ತೋಳು ಚಾಚಿದ. ಸುತ್ತಲಿನ ಕಲ್ಲುಗಳೆಲ್ಲ ಉಸಿರು ಬಿಗಿಹಿಡಿದವು. ಆದರೆ ಹೆತ್ತವರ ಬಾಯಿಗೆ ಮೊದಲು ಬರುವ ಮಾತೇ ಬೇರೆ ನೋಡಿ: "ಹಸಿದಿದ್ದೀಯ ತಾಯಿ, ಮೊದಲು ಉಣ್ಣು."

ಮಗು ತಲೆ ಬಗ್ಗಿಸಿ ಪಲ್ಯವನ್ನು ಒಂದು ಹೋಳೂ ಬಿಡದೆ ಉಂಡಿತು.

ಬೀರಣ್ಣನ ಚಾಚಿದ ತೋಳು ಅಲ್ಲೇ ನಿಂತಿತು. "ಇನ್ನಷ್ಟು ಹಾಕಲೇನು?"

"ನೀನು ಹೇಗೆ ಹೇಳಿದರೆ ಹಾಗೆ, ಅಪ್ಪಾ."

ಬೀರಣ್ಣನಿಗೆ ನಗು ಉಕ್ಕಿಬಂತು. "ಯಾರ ಮಗುವೋ ನೀನು? ನನ್ನ ದ್ಯಾವಿಯಾಗಿದ್ದರೆ ಈ ಹಾಗಲಕಾಯಿ ಇಷ್ಟು ಹೊತ್ತಿಗೆ ನನ್ನ ಮೋರೆ ಮೇಲಿರುತ್ತಿತ್ತು! ಮಾತಿಗೆ ಮಾತು ಕೊಡುವವಳು, ಹಠಮಾರಿ, ಬೆಲ್ಲಗಳ್ಳಿ ನನ್ನ ದ್ಯಾವಿ!"

ನಕ್ಕು ನಕ್ಕು ಕಣ್ಣೀರು ಸುರಿಯಿತು. ಮಗುವಿನ ರೂಪದಲ್ಲಿದ್ದ ಆಸೆಬುರುಕ ಮಾಂತ್ರಿಕ ಅದನ್ನೂ ನೆಕ್ಕಿದ. ನಗು ಬೆರೆತ ಕಣ್ಣೀರು ಅವನಿಗೆ ವಿಷ! ಗಂಟಲು ಹಿಡಿದುಕೊಂಡು, ಹೊಗೆಯಾಗಿ ಹಾರಿಹೋದ.

ಕಲ್ಲುಗಳೆಲ್ಲ ಮೈಮುರಿದು ಮನುಷ್ಯರಾದವು. ಎಲ್ಲರೂ ಒಟ್ಟಿಗೆ ಬೆಟ್ಟ ಹತ್ತಿದರು.

"ನಮ್ಮ ಹುಡುಗ ಸ್ನಾನ ಅಂದರೆ ಅಟ್ಟ ಹತ್ತುತ್ತಿದ್ದ ಕಣಣ್ಣಾ," ಎಂದಳು ಒಬ್ಬ ತಾಯಿ.

"ಅಷ್ಟೇನಾ? ನಮ್ಮ ದ್ಯಾವಿದು ಕೇಳಿ ಅಕ್ಕಾ!" ಎಂದ ಬೀರಣ್ಣ.

ಊರಿಗೆ ಮರಳಿದ ಮರುದಿನವೇ ಮಗ್ಗ ಸದ್ದು ಮಾಡಿತು. ಆಮೇಲೆ ಎಲ್ಲರೂ ಸುಖವಾಗಿದ್ದರು, ದ್ಯಾವಿಯ ತಂಟೆಗಳನ್ನು ಕೇಳಿ ಕೇಳಿ ಕಿವಿ ತೂತಾದ ನೆರೆಹೊರೆಯವರೂ ಸೇರಿ.